ಆರಂಭದ ಶಿಲ್ಕು

ದೀಪಾವಳಿಯ ದಿನಗಳಲ್ಲಿ ವರ್ತಕರ ಅಂಗಡಿಗಳಲ್ಲಿ ಹೊಸ ಲೆಕ್ಕದ ಪುಸ್ತಕಗಳಿಗೆ ಪೂಜೆ ಸಲ್ಲುವುದು ಬಹುಕಾಲದ ಸಂಪ್ರದಾಯ. ಕುಂಕುಮ ಹಚ್ಚಿದ ಮೊದಲ ಪುಟದಲ್ಲಿ ಶ್ರೀಕಾರ ಬರೆದು, ಅದರ ಕೆಳಗೆ ಶುಭ, ಲಾಭ ಎಂಬ ಎರಡು ಮಾತುಗಳನ್ನು ಬರೆಯುತ್ತಾರೆ. ಸರ್ಕಾರದ ಆರ್ಥಿಕ ವರ್ಷ ಏಪ್ರಿಲ್ 1ರಂದು ಆರಂಭವಾಗಿ ಮಾರ್ಚ್ 31ರಂದು ಮುಗಿಯುವುದಾದರೂ, ಲೆಕ್ಕಪತ್ರಗಳು ಗಣಕಯಂತ್ರಕ್ಕೆ ಏರಿರುವುದಾದರೂ, ಈ ಪೂಜೆಯ ಪದ್ಧತಿ ನಿಂತಿಲ್ಲ. ಜೈನ ಶ್ರಾವಕರ ಪಾಲಿಗೆ ಈ ಕಾಲಕ್ಕೆ ಇನ್ನೂ ದೊಡ್ಡ ಅರ್ಥವುಂಟು. ಆಶ್ವಯುಜ ಬಹುಳ ಅಮಾವಾಸ್ಯೆಯ ಉಷಃಕಾಲದಲ್ಲಿ ಭಗವಾನ್ ಮಹಾವೀರರು ಪಾವಾಪುರಿಯಲ್ಲಿ ನಿರ್ವಾಣ ಹೊಂದಿದರು. ಆ ಘಟನೆಯನ್ನು ಕ್ರಿ.ಪೂ. 527ಕ್ಕೆ ಎಣಿಸಿ, ಮರುದಿನವಾದ ಕಾರ್ತಿಕ ಶುದ್ಧ ಪಾಡ್ಯದಿಂದ ವೀರ ನಿರ್ವಾಣ ಸಂವತ್ಸರವನ್ನು ಲೆಕ್ಕ ಹಿಡಿಯುವುದು ರೂಢಿ. ಹೀಗೆ ಅಂಗಡಿಯ ವರ್ಷವೂ ಧರ್ಮದ ವರ್ಷವೂ ಒಂದೇ ದೀಪದ ಬೆಳಕಿನಲ್ಲಿ ಬದಲಾಗುತ್ತವೆ.

ಲೆಕ್ಕ ಬರೆಯುವ ಪ್ರತಿಯೊಬ್ಬನಿಗೂ ತಿಳಿದ ಒಂದು ಸಂಗತಿಯಿದೆ. ಪುಸ್ತಕ ಹೊಸದಾದರೂ ಲೆಕ್ಕ ಹೊಸದಲ್ಲ. ಮೊದಲ ಪುಟದ ಮೊದಲ ಸಾಲಿನಲ್ಲಿ ಬರುವುದು ಹಿಂದಿನ ವರ್ಷದಿಂದ ತಂದ ಆರಂಭದ ಶಿಲ್ಕು. ಬರಬೇಕಾದ ಬಾಕಿ, ಕೊಡಬೇಕಾದ ಸಾಲ, ಗೋದಾಮಿನಲ್ಲಿ ಉಳಿದ ಹಳೆಯ ಸರಕು, ಇವೆಲ್ಲವೂ ಗಡಿ ದಾಟಿ ಬರುತ್ತವೆ. ಶೂನ್ಯದಿಂದ ಆರಂಭಿಸುತ್ತೇನೆಂದು ಹೊರಟ ವರ್ತಕನನ್ನು ಮೂರ್ಖನೆನ್ನಬೇಕು, ಇಲ್ಲವೇ ವಂಚಕನೆನ್ನಬೇಕು. ಆದರೆ ಬಾಳಿನ ಲೆಕ್ಕಕ್ಕೆ ಬಂದಾಗ ಅದೇ ವರ್ತಕನು ಸುಲಭವಾಗಿ ಶೂನ್ಯದಿಂದ ಆರಂಭಿಸುತ್ತಾನೆ. ‘ಈ ವರ್ಷದಿಂದ ಕೋಪ ಬಿಟ್ಟೆ, ಈ ವರ್ಷದಿಂದ ನಿತ್ಯ ಸ್ವಾಧ್ಯಾಯ’ ಎಂದು ಸಂಕಲ್ಪಿಸುತ್ತಾನೆ. ಹೋದ ವರ್ಷವೂ ಇದೇ ಸಂಕಲ್ಪ ಮಾಡಿದ್ದೆನೆಂಬುದನ್ನು ಹೊಸ ಪುಟಕ್ಕೆ ತರುವುದೇ ಇಲ್ಲ.

ಈ ವಿಷಯದಲ್ಲಿ ದಾರಿ ತೋರಬಲ್ಲ ಒಬ್ಬ ವರ್ತಕ ಸುಮಾರು ನಾಲ್ಕು ಶತಮಾನಗಳ ಹಿಂದೆ ಆಗ್ರಾ ನಗರದಲ್ಲಿದ್ದರು. ಅವರು ಕವಿವರ ಬನಾರಸೀದಾಸರು. ಶ್ರೀಮಾಲ ಕುಲದ ಈ ಜೈನ ಶ್ರಾವಕರು ವಿಕ್ರಮ ಸಂವತ್ 1643ರಲ್ಲಿ, ಎಂದರೆ ಕ್ರಿ.ಶ. 1586ರ ಸುಮಾರಿಗೆ, ಜೌನ್‌ಪುರದಲ್ಲಿ ಜನಿಸಿದರು. ರತ್ನ, ಬಟ್ಟೆ ಮುಂತಾದುವುಗಳ ವ್ಯಾಪಾರ ಅವರ ಜೀವನೋಪಾಯ. ಕಾವ್ಯರಚನೆ ಮತ್ತು ಶಾಸ್ತ್ರವಿಚಾರ ಅವರ ಜೀವಾಳ. ಐವತ್ತೈದನೆಯ ವಯಸ್ಸಿನಲ್ಲಿ, ಕ್ರಿ.ಶ. 1641ರಲ್ಲಿ, ತಮ್ಮ ಬಾಳಿನ ಲೆಕ್ಕವನ್ನು ಬ್ರಜ ಭಾಷೆಯ ದೋಹೆ-ಚೌಪಾಈಗಳಲ್ಲಿ ಬರೆದು ಮುಗಿಸಿದರು. ಗ್ರಂಥಕ್ಕೆ ಅವರಿಟ್ಟ ಹೆಸರು ‘ಅರ್ಧಕಥಾನಕ’. ಮನುಷ್ಯನ ಪೂರ್ಣಾಯುಷ್ಯ ನೂರಹತ್ತು ವರ್ಷವೆಂದು ಹಿಡಿದರೆ ಐವತ್ತೈದು ಅದರ ಅರ್ಧ. ಆದ್ದರಿಂದ ಇದು ಅರ್ಧ ಕಥೆ. ಗ್ರಂಥ ಮುಗಿದ ದಿನವನ್ನು ಅವರು ವರ್ತಕನ ಅಚ್ಚುಕಟ್ಟುತನದಿಂದಲೇ ದಾಖಲಿಸಿದ್ದಾರೆ: ಮಾರ್ಗಶಿರ ಶುದ್ಧ ಪಂಚಮಿ, ಸೋಮವಾರ. ದೀಪಾವಳಿಯ ಅಮಾವಾಸ್ಯೆ ಕಳೆದು ಸರಿಯಾಗಿ ಐದು ವಾರಗಳ ಹೊತ್ತು ಅದು.

ಭಾರತೀಯ ಭಾಷೆಗಳಲ್ಲಿ ದೊರೆತಿರುವ ಅತ್ಯಂತ ಹಳೆಯ ಆತ್ಮಕಥೆಗಳಲ್ಲಿ ಇದೊಂದೆಂದು ವಿದ್ವಾಂಸರು ಮನ್ನಿಸಿದ್ದಾರೆ. 1943ರಲ್ಲಿ ಪಂಡಿತ ನಾಥೂರಾಮ ಪ್ರೇಮಿಯವರು ಇದನ್ನು ಸಂಪಾದಿಸಿ ಮುಂಬಯಿಯಿಂದ ಪ್ರಕಟಿಸಿದರು. 1981ರಲ್ಲಿ ಮುಕುಂದ ಲಾಠ್ ಅವರ ಇಂಗ್ಲಿಷ್ ಅನುವಾದ ಜಯಪುರದಿಂದ ಹೊರಬಂದಿತು. ಆದರೆ ಶ್ರಾವಕನಿಗೆ ಈ ಗ್ರಂಥ ಮುಖ್ಯವಾಗುವುದು ಅದರ ಪ್ರಾಚೀನತೆಯಿಂದಲ್ಲ. ಅದರಲ್ಲಿ ಒಬ್ಬ ವರ್ತಕನು ನಷ್ಟದ ಕಲಮನ್ನು ಲಾಭದ ಕಲಮಿನಷ್ಟೇ ಸ್ಪಷ್ಟ ಅಕ್ಷರಗಳಲ್ಲಿ ಬರೆದಿದ್ದಾನೆ. ಅದು ಮುಖ್ಯ.

ಬನಾರಸೀದಾಸರ ಮೊದಲ ವರ್ಷಾವಧಿ ಸಂಕಲ್ಪದ ಕಥೆ ನಗು ತರಿಸುವಂಥದು. ಎಳೆಯ ವಯಸ್ಸಿನಲ್ಲಿ ಅವರಿಗೊಬ್ಬ ಸಂನ್ಯಾಸಿ ಗಂಟುಬಿದ್ದನು. ತಾನು ಕೊಡುವ ಮಂತ್ರವನ್ನು ಒಂದು ವರ್ಷ ಕಾಲ ಯಾರಿಗೂ ಹೇಳದೆ ಗುಟ್ಟಾಗಿ ಜಪಿಸಿದರೆ, ವರ್ಷ ತುಂಬಿದ ಮೇಲೆ ದಿನಕ್ಕೊಂದು ಚಿನ್ನದ ನಾಣ್ಯ ಮನೆಯ ಬಾಗಿಲಲ್ಲಿ ಬಿದ್ದಿರುತ್ತದೆಂದು ನಂಬಿಸಿದನು. ತರುಣನು ವರ್ಷವಿಡೀ ತಪ್ಪದೆ ಜಪಿಸಿದನು. ವರ್ಷ ತುಂಬಿದ ಬೆಳಗ್ಗೆ ಸ್ನಾನ ಮಾಡಿ ಬಾಗಿಲಿಗೆ ಬಂದು ನೋಡಿದರೆ ನಾಣ್ಯವಿಲ್ಲ. ದಿನದ ಲೆಕ್ಕ ತಪ್ಪಿರಬಹುದೆಂದು ಮರುದಿನವೂ ಬಂದು ನೋಡಿದನು. ಕೊನೆಗೆ ಗುರುಗಳಾದ ಭಾನುಚಂದ್ರರು ಅದು ಮೋಸವೆಂದು ತಿಳಿಸಿದ ಮೇಲೆ ಆ ಭ್ರಮೆ ಹರಿಯಿತು. ಈ ಪ್ರಸಂಗವನ್ನು ಕವಿ ಮುಚ್ಚಿಡದೆ ಬರೆದಿದ್ದಾರೆ. ಒಂದು ವರ್ಷ ಕಾಲ ನಡೆದ ಜಪದಲ್ಲಿ ಶಿಸ್ತಿಗೆ ಕೊರತೆಯಿರಲಿಲ್ಲ, ಕೊರತೆಯಿದ್ದುದು ಉದ್ದೇಶದಲ್ಲಿ. ಹರಕೆಯ ಹಿಂದೆ ಬಾಗಿಲ ನಾಣ್ಯವನ್ನು ನಿರೀಕ್ಷಿಸುವ ಮನಸ್ಸು ಆ ತರುಣನೊಂದಿಗೇ ಕಳೆದುಹೋಯಿತೆಂದು ಯಾರೂ ಹೇಳಲಾರರು.

ಅವರ ಎರಡನೆಯ ಸಂಕಲ್ಪ ಬರಹಗಾರನ ಸಂಕಲ್ಪ. ಹದಿನಾಲ್ಕು-ಹದಿನೈದರ ವಯಸ್ಸಿನಲ್ಲಿ ಶೃಂಗಾರವೇ ಹೆಚ್ಚಾಗಿದ್ದ ಸುಮಾರು ಸಾವಿರ ಪದ್ಯಗಳ ಒಂದು ಗ್ರಂಥವನ್ನು ಅವರು ರಚಿಸಿದ್ದರು. ಕ್ರಿ.ಶ. 1605ರಲ್ಲಿ ಅಕ್ಬರನು ಮೃತನಾದ ಸುದ್ದಿ ಜೌನ್‌ಪುರಕ್ಕೆ ಬಂದಿತು. ಮೆಟ್ಟಿಲ ಮೇಲೆ ಕುಳಿತಿದ್ದ ಬನಾರಸೀದಾಸರು ಅದನ್ನು ಕೇಳಿ ಆಘಾತದಿಂದ ಕೆಳಗುರುಳಿ ತಲೆಗೆ ಪೆಟ್ಟು ಮಾಡಿಕೊಂಡರು. ಆ ಬಳಿಕ ಮನಸ್ಸು ಬೇರೆ ದಾರಿ ಹಿಡಿಯಿತು. ಒಂದು ಸಂಜೆ ಗೋಮತಿ ನದಿಯ ಸೇತುವೆಯ ಮೇಲೆ ಗೆಳೆಯರಿಗೆ ಆ ಗ್ರಂಥವನ್ನು ಓದಿ ಹೇಳುತ್ತಿದ್ದಾಗ ಅವರಿಗೆ ಒಂದು ವಿಚಾರ ಹೊಳೆಯಿತು: ಒಂದು ಸುಳ್ಳು ಹೇಳಿದವನಿಗೇ ದುರ್ಗತಿ ತಪ್ಪದಿರುವಾಗ, ಕಾಣದ್ದನ್ನೂ ಅರಿಯದ್ದನ್ನೂ ಸಾವಿರ ಪದ್ಯಗಳಲ್ಲಿ ಕಟ್ಟಿದವನ ಗತಿಯೇನು? ಗ್ರಂಥವನ್ನು ಎತ್ತಿ ನದಿಗೆ ಎಸೆದುಬಿಟ್ಟರು. ಗೆಳೆಯರು ಹಾಹಾಕಾರ ಮಾಡಿದರು. ಹಾಳೆಗಳು ಹರಿದು ಚದುರಿಹೋದವು. ಆ ದಿನದಿಂದ ಅವರು ದೇವದರ್ಶನವಿಲ್ಲದೆ ಊಟ ಮಾಡುತ್ತಿರಲಿಲ್ಲ. ಸಾಮಾಯಿಕ, ಪ್ರತಿಕ್ರಮಣ, ನಿಯಮಗಳನ್ನು ಆಚರಿಸತೊಡಗಿದರು. ಊರಿನ ಜನರಿಗೆ ಈ ಬದಲಾವಣೆ ಅಚ್ಚರಿ ತಂದಿತು.

ಇಲ್ಲಿಗೇ ಕಥೆ ನಿಂತಿದ್ದರೆ ಬನಾರಸೀದಾಸರು ಉಪದೇಶಕ್ಕೆ ಒದಗುವ ಉದಾಹರಣೆಯಾಗುತ್ತಿದ್ದರು. ಆದರೆ ಅವರು ಮುಂದಿನ ಪುಟಗಳನ್ನೂ ಬರೆದರು. ಕ್ರಿ.ಶ. 1610ರ ಸುಮಾರಿಗೆ ತಂದೆ ಖರಗಸೇನರು ರತ್ನ, ತುಪ್ಪ, ಎಣ್ಣೆ, ಬಟ್ಟೆ ಮೊದಲಾದ ಸರಕನ್ನು ಒಪ್ಪಿಸಿ ಮಗನನ್ನು ಆಗ್ರಾಕ್ಕೆ ವ್ಯಾಪಾರಕ್ಕಾಗಿ ಕಳುಹಿಸಿದರು. ಪೇಟೆಯ ರೀತಿನೀತಿ ತಿಳಿಯದ ಮಗನು ಮೂಲಧನವನ್ನೇ ಕಳೆದುಕೊಂಡನು. ಬಟ್ಟೆಯಲ್ಲಿ ಕಟ್ಟಿಕೊಂಡಿದ್ದ ರತ್ನಗಳೂ ಕೈತಪ್ಪಿದವು. ಪೇಟೆಗೆ ಹೋಗಲು ನಾಚಿಕೆಯಾಗಿ ಮನೆಯಲ್ಲಿ ಕುಳಿತ ಅವರು ರಾತ್ರಿ ಹೊತ್ತು ‘ಮಧುಮಾಲತಿ’, ‘ಮೃಗಾವತಿ’ ಕಾವ್ಯಗಳನ್ನು ರಾಗವಾಗಿ ಓದುತ್ತಿದ್ದರು. ಹತ್ತಾರು ಜನ ಬಂದು ಕೇಳುತ್ತಿದ್ದರು. ಆ ಕೇಳುಗರಲ್ಲಿ ಒಬ್ಬ ಕಚೋರಿ ಮಾರುವವನಿದ್ದನು. ಅವನ ಅಂಗಡಿಯಲ್ಲಿ ಬನಾರಸೀದಾಸರು ಉದ್ದರಿಯಾಗಿ ಊಟ ಮಾಡತೊಡಗಿದರು. ಕೆಲದಿನಗಳ ಮೇಲೆ ಅವನನ್ನು ಒಬ್ಬನೇ ಇರುವಾಗ ಕಂಡು, ತಮ್ಮಲ್ಲಿ ಹಣವಿಲ್ಲ, ಇನ್ನು ಸಾಲ ಕೊಡಬೇಡವೆಂದು ನಿಜ ನುಡಿದರು. ಅವನು ಚಿಂತಿಸಬೇಡಿರೆಂದು ಹೇಳಿ ಉಣ್ಣಿಸುತ್ತಲೇ ಹೋದನು. ಹಾಗೆ ಆರೇಳು ತಿಂಗಳು ನಡೆಯಿತು. ಕೈಯಲ್ಲಿ ಹಣ ಆಡಿದಾಗ ಬನಾರಸೀದಾಸರು ಮೊದಲು ಮಾಡಿದ ಕೆಲಸಗಳಲ್ಲೊಂದು ಆ ಕಚೋರಿಯವನ ಬಾಕಿಯನ್ನು ತೀರಿಸಿದ್ದು. ಹಣ ತೀರಿತು, ಉಪಕಾರ ತೀರಲಿಲ್ಲ. ಮೂವತ್ತು ವರ್ಷಗಳ ಮೇಲೆ ಜೀವನದ ಲೆಕ್ಕ ಬರೆಯುವಾಗ, ಶ್ರೀಮಂತರ ಸಾಲಿನಲ್ಲೇ ಆ ಕಚೋರಿಯವನಿಗೂ ಒಂದು ಖಾತೆ ತೆರೆದರು.

ವರ್ಷಾಂತ್ಯದಲ್ಲಿ ಬಾಕಿದಾರರ ಪಟ್ಟಿ ತೆಗೆಯುವ ಶ್ರಾವಕನು ಇಲ್ಲಿ ಸ್ವಲ್ಪ ನಿಲ್ಲಬೇಕು. ತನಗೆ ಯಾರು ಕೊಡಬೇಕೆಂಬ ಪಟ್ಟಿ ಎಲ್ಲರ ಬಳಿಯೂ ಇರುತ್ತದೆ. ತನ್ನನ್ನು ಯಾರು ನಂಬಿದರು, ಕಷ್ಟಕಾಲದಲ್ಲಿ ಯಾರು ಕೇಳದೆ ಬಡಿಸಿದರು ಎಂಬ ಪಟ್ಟಿ ಎಷ್ಟು ಜನರ ಬಳಿ ಇದೆ? ಮೊದಲ ಅಂಗಡಿಗೆ ಜಾಮೀನು ನಿಂತ ನೆರೆಯವನು, ಸರಕು ಹೊತ್ತ ಹಮಾಲಿ, ಮಾಲಕನ ಕೆಟ್ಟ ವರ್ಷದಲ್ಲಿ ಸಂಬಳ ತಡವಾದರೂ ಬಿಟ್ಟುಹೋಗದ ಗುಮಾಸ್ತ, ಇವರ ಖಾತೆಗಳನ್ನು ಯಾವ ಲೆಕ್ಕ ಪರಿಶೋಧಕನೂ ಕೇಳುವುದಿಲ್ಲ.

ಬನಾರಸೀದಾಸರ ಅತಿ ದೊಡ್ಡ ತಪ್ಪು ವ್ಯಾಪಾರದಲ್ಲಿ ಆಗಲಿಲ್ಲ, ಸ್ವಾಧ್ಯಾಯದಲ್ಲಿ ಆಯಿತು. ಕ್ರಿ.ಶ. 1623ರಲ್ಲಿ ಆಚಾರ್ಯ ಕುಂದಕುಂದರ ‘ಸಮಯಸಾರ’ವು ರಾಜಮಲ್ಲರ ದೇಶಭಾಷೆಯ ಟೀಕೆಯೊಂದಿಗೆ ಅವರ ಕೈಸೇರಿತು. ಆತ್ಮನು ನಿಶ್ಚಯದೃಷ್ಟಿಯಿಂದ ಸದಾ ಶುದ್ಧನೆಂಬ ಮಾತನ್ನು ಓದಿದರು. ಆದರೆ ವ್ಯವಹಾರದ ಮೆಟ್ಟಿಲುಗಳ ಅರಿವು ಅವರಿಗೆ ಆಗ ಇರಲಿಲ್ಲ. ಆತ್ಮನು ಶುದ್ಧನೇ ಆಗಿದ್ದರೆ ಜಪವೇಕೆ, ಪ್ರತಿಕ್ರಮಣವೇಕೆ, ನಿಯಮವೇಕೆ? ಒಂದೊಂದಾಗಿ ಎಲ್ಲ ಆಚರಣೆಗಳನ್ನೂ ಬಿಟ್ಟರು. ದೇವರಿಗೆ ಅರ್ಪಿಸಿದ ನೈವೇದ್ಯವನ್ನು ತಿನ್ನುವವರೆಗೆ ಇಳಿದರು. ಮೂವರು ಗೆಳೆಯರೊಂದಿಗೆ ಕೋಣೆಯೊಳಗೆ ಬಟ್ಟೆ ಕಳಚಿ, ತಾವು ಪರಿಗ್ರಹವಿಲ್ಲದ ಮುನಿಗಳಾದೆವೆಂದು ಆಡಿದರು. ಜನ ನಿಂದಿಸಿದರು. ಆ ನಿಂದೆ ನ್ಯಾಯವಾದದ್ದೆಂಬಂತೆಯೇ ಅವರು ಬರೆಯುತ್ತಾರೆ. ಈ ಸ್ಥಿತಿ ಸುಮಾರು ಹನ್ನೆರಡು ವರ್ಷ ಎಳೆಯಿತು.

ಅದರಿಂದ ಅವರನ್ನು ಎತ್ತಿದ್ದು ಕರ್ನಾಟಕದ ನೆಲದಲ್ಲಿ ಹುಟ್ಟಿದ ಒಂದು ಗ್ರಂಥ. ಕ್ರಿ.ಶ. 1635ರಲ್ಲಿ ಪಾಂಡೆ ರೂಪಚಂದರೆಂಬ ವಿದ್ವಾಂಸರು ಆಗ್ರಾಕ್ಕೆ ಬಂದು ‘ಗೊಮ್ಮಟಸಾರ’ವನ್ನು ಪ್ರವಚನ ಮಾಡಿದರು. ಶ್ರವಣಬೆಳಗೊಳದ ಬಾಹುಬಲಿ ಮೂರ್ತಿಯನ್ನು ಕಡೆಯಿಸಿದ ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಹತ್ತನೆಯ ಶತಮಾನದಲ್ಲಿ ರಚಿಸಿದ ಗ್ರಂಥವದು. ಗೊಮ್ಮಟನೆಂದು ಕರೆಸಿಕೊಂಡ ಆ ಶಿಷ್ಯನ ಹೆಸರನ್ನೇ ಅದು ಹೊತ್ತಿದೆ. ಅದರಲ್ಲಿ ಜೀವನು ಏರಬೇಕಾದ ಹದಿನಾಲ್ಕು ಗುಣಸ್ಥಾನಗಳ ವಿವರಣೆಯಿದೆ. ನಾಲ್ಕನೆಯದರಲ್ಲಿ ಸಮ್ಯಗ್ದೃಷ್ಟಿ ಉಂಟು, ವ್ರತವಿಲ್ಲ. ಐದನೆಯದು ಅಣುವ್ರತಗಳನ್ನು ಹಿಡಿದ ಶ್ರಾವಕನದು. ಆರನೆಯದು ಮಹಾವ್ರತಿಯಾದ ಮುನಿಯದು. ಪ್ರತಿ ಮೆಟ್ಟಿಲಿಗೂ ಅದರದರ ಆಚಾರವುಂಟು; ಮೇಲಿನ ಮೆಟ್ಟಿಲ ಮಾತನ್ನು ಕೆಳಗಿನ ಮೆಟ್ಟಿಲಲ್ಲಿ ನಿಂತು ಆಡಿದರೆ ಅದು ಜ್ಞಾನವಾಗುವುದಿಲ್ಲ. ಇದನ್ನು ಕೇಳಿ ಬನಾರಸೀದಾಸರ ಗೊಂದಲ ಹರಿಯಿತು. ಮರುವರ್ಷವೇ, ಕ್ರಿ.ಶ. 1636ರಲ್ಲಿ, ‘ನಾಟಕ ಸಮಯಸಾರ’ವನ್ನು ರಚಿಸಿದರು. ಯಾವ ಗ್ರಂಥವನ್ನು ತಪ್ಪಾಗಿ ತಿಳಿದು ಎಡವಿದ್ದರೋ ಅದೇ ಗ್ರಂಥದ ಸಾರವನ್ನು ಸರಿಯಾಗಿ ತಿಳಿದು ಜನರಿಗೆ ಕೊಟ್ಟರು. ಹನ್ನೆರಡು ವರ್ಷದ ತಪ್ಪನ್ನು ಅವರು ಪುಸ್ತಕದಿಂದ ಹರಿದು ಹಾಕಲಿಲ್ಲ. ಅದೇ ಪುಸ್ತಕದಲ್ಲಿ, ಅದೇ ಖಾತೆಯಲ್ಲಿ ಜಮಾ ಬರೆದರು.

ಇನ್ನು ಗ್ರಂಥದ ಕೊನೆಯ ಭಾಗಕ್ಕೆ ಬರಬಹುದು. ಅಲ್ಲಿರುವುದು ಅಕ್ಷರಶಃ ಒಂದು ಜಮಾ-ಖರ್ಚಿನ ಪಟ್ಟಿ. ಮೊದಲು ತಮ್ಮ ಗುಣಗಳನ್ನು ಕವಿ ಎಣಿಸುತ್ತಾರೆ: ದೇಶಭಾಷೆಯ ಕಾವ್ಯದಲ್ಲಿ ಪ್ರೌಢಿಮೆ, ಸಂಸ್ಕೃತ-ಪ್ರಾಕೃತಗಳ ಪರಿಚಯ, ಕ್ಷಮೆ, ಸಂತೋಷ, ಮೃದುವಾದ ಮಾತು, ಜೈನಧರ್ಮದಲ್ಲಿ ದೃಢತೆ. ಇಲ್ಲಿ ಹುಸಿ ವಿನಯವಿಲ್ಲ. ಇದ್ದುದನ್ನು ಇದೆಯೆಂದೇ ಬರೆದಿದ್ದಾರೆ. ಬಳಿಕ ದೋಷಗಳು: ಕೋಪ, ಮಾನ, ಮಾಯೆಗಳು ಸ್ವಲ್ಪವೇ ಇದ್ದರೂ ಧನದ ಮೋಹ ಬಲವಾಗಿದೆ. ಜಪ, ತಪ, ಸಂಯಮಗಳಿಲ್ಲ. ದಾನ-ಪೂಜೆಗಳಲ್ಲಿ ಆಸಕ್ತಿ ಸಾಲದು. ಅಲ್ಪ ಲಾಭಕ್ಕೆ ಬಹಳ ಹಿಗ್ಗು, ಅಲ್ಪ ಹಾನಿಗೆ ಬಹಳ ಚಿಂತೆ. ಆಡಬಾರದ ಮಾತನ್ನು ನಾಚಿಕೆಯಿಲ್ಲದೆ ಆಡುವುದು, ಕೇಳದ-ಕಾಣದ ಕಥೆಗಳನ್ನು ಹೆಣೆದು ಸಭೆಯಲ್ಲಿ ಹೇಳುವುದು, ಒಬ್ಬರೇ ಇದ್ದಾಗ ಕುಣಿಯುವುದು, ಕೆಲವೊಮ್ಮೆ ಕಾರಣವಿಲ್ಲದೆ ಭಯಪಡುವುದು. ಗೋಮತಿಗೆ ಸುಳ್ಳಿನ ಗ್ರಂಥವನ್ನು ಎಸೆದು ಮೂವತ್ತಾರು ವರ್ಷಗಳಾದ ಮೇಲೂ, ಕಥೆ ಹೆಣೆಯುವ ಚಪಲ ಹೋಗಿಲ್ಲವೆಂದು ಅದೇ ಕೈ ಬರೆಯುತ್ತಿದೆ. ಈ ಪುಟಗಳ ಬಳಿಯಲ್ಲೇ ಮತ್ತೊಂದು ದಾಖಲೆಯಿದೆ. ಮೂರು ವಿವಾಹಗಳಾದವು, ಏಳು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಒಂಬತ್ತು ಮಂದಿಯೂ ತೀರಿಹೋಗಿ ಗಂಡ-ಹೆಂಡಿರಿಬ್ಬರೇ ಉಳಿದರು. ಅದನ್ನು ಅವರು ಕೆಲವೇ ಸಾಲುಗಳಲ್ಲಿ ಹೇಳಿ ಮುಗಿಸುತ್ತಾರೆ.

ಈ ಪಟ್ಟಿಯ ಕೆಳಗೆ ‘ಇನ್ನು ಮುಂದೆ ಇವೆಲ್ಲವನ್ನೂ ಬಿಡುತ್ತೇನೆ’ ಎಂಬ ಘೋಷಣೆಯಿಲ್ಲ. ಓದುಗನಿಗೆ ಮೊದಲು ಇದು ಕೊರತೆಯಾಗಿ ಕಾಣಬಹುದು. ಆದರೆ ಹನ್ನೆರಡು ವರ್ಷ ಕಾಲ ತನ್ನದಲ್ಲದ ಮೆಟ್ಟಿಲ ಮೇಲೆ ನಿಂತಂತೆ ನಟಿಸಿ ಬಿದ್ದವರು, ಮತ್ತೆ ಹಾರಿ ನಿಲ್ಲುವ ಪ್ರತಿಜ್ಞೆ ಮಾಡಲಿಲ್ಲವೆಂಬುದರಲ್ಲಿ ಒಂದು ವಿವೇಕವಿದೆ. ಅವರು ಆರಂಭದ ಶಿಲ್ಕನ್ನು ಬರೆದರು. ಉಳಿದ ಅರ್ಧಕ್ಕೆ ಅದೇ ಮೊದಲ ಸಾಲಾಗಬೇಕಿತ್ತು. ಆ ಅರ್ಧ ಒದಗಲಿಲ್ಲ. ಗ್ರಂಥ ಮುಗಿದ ಮೇಲೆ ಸುಮಾರು ಎರಡು ವರ್ಷಗಳಲ್ಲಿ ಅವರು ತೀರಿಕೊಂಡರೆಂಬುದು ವಿದ್ವಾಂಸರ ಅಭಿಪ್ರಾಯ. ಐವತ್ತೈದು ವರ್ಷಗಳ ಅವಧಿಯನ್ನು ಮುಂದಿಟ್ಟುಕೊಂಡು ಬರೆದವರಿಗೆ ದೊರೆತದ್ದು ಅಷ್ಟೇ. ಲೆಕ್ಕವನ್ನು ಅರುವತ್ತಕ್ಕೆ ಬರೆಯೋಣ, ಎಪ್ಪತ್ತಕ್ಕೆ ಬರೆಯೋಣವೆಂದು ಮುಂದೂಡಿದ್ದರೆ ಅದು ಉಳಿಯುತ್ತಲೇ ಇರಲಿಲ್ಲ.

ಹಾಗಾದರೆ ವರ್ಷದ ಸಂಕಲ್ಪವೇ ಬೇಡವೆ? ಶಾಸ್ತ್ರ ಹಾಗೆ ಹೇಳುವುದಿಲ್ಲ. ‘ಸಮಯಸಾರ’ದಲ್ಲಿ ಮೂರು ಮಾತುಗಳು ಒಟ್ಟಿಗೆ ಬರುತ್ತವೆ: ಕಳೆದ ದೋಷಗಳಿಂದ ಹಿಂದಿರುಗುವುದು ಪ್ರತಿಕ್ರಮಣ, ಈಗಿನ ದೋಷವನ್ನು ಕಂಡುಕೊಳ್ಳುವುದು ಆಲೋಚನೆ, ಬರಲಿರುವ ದೋಷವನ್ನು ತ್ಯಜಿಸುವುದು ಪ್ರತ್ಯಾಖ್ಯಾನ. ಮೊದಲೆರಡನ್ನು ಬಿಟ್ಟು ಮೂರನೆಯದಕ್ಕೆ ಹಾರಿದರೆ ಅದು ಶಿಲ್ಕು ತಾರದೆ ಬರೆದ ಖಾತೆಯಾಗುತ್ತದೆ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಇನ್ನೊಂದು ಸೂಕ್ಷ್ಮವನ್ನು ತೋರಿಸಿದ್ದಾರೆ. ಜೀವನಪರ್ಯಂತದ ತ್ಯಾಗ ಯಮ. ಕಾಲಮಿತಿಯುಳ್ಳ ತ್ಯಾಗ ನಿಯಮ. ಭೋಗೋಪಭೋಗಗಳನ್ನು ಮಿತಗೊಳಿಸುವ ಸಂದರ್ಭದಲ್ಲಿ ಅವರು ಹೇಳುವ ಕಾಲಮಿತಿಗಳು ಹಗಲು, ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂದು ಆರು ತಿಂಗಳಿಗೆ ನಿಲ್ಲುತ್ತವೆ. ಸಾಮಾನ್ಯ ಗೃಹಸ್ಥನ ಶಕ್ತಿ ಎಷ್ಟೆಂದು ಬಲ್ಲವರ ಮಾತಿದು. ಒಂದು ರಾತ್ರಿಯ ನಿಯಮವೂ ನಿಯಮವೇ. ಅದು ಪಾಲನೆಯಾದರೆ ಮುಂದಿನ ಪಕ್ಷದ ನಿಯಮಕ್ಕೆ ಬಂಡವಾಳ ದೊರೆಯುತ್ತದೆ.

ಹೊಸ ವರ್ಷದ ಹೊಸ್ತಿಲಲ್ಲಿ ಶ್ರಾವಕನು ಒಂದು ಹಾಳೆಯನ್ನು ಮೂರು ಭಾಗ ಮಾಡಿಕೊಳ್ಳಬಹುದು. ಮೊದಲನೆಯದರಲ್ಲಿ ಹೋದ ವರ್ಷ ಮಾಡಿದ ಸಂಕಲ್ಪ ಯಾವುದು, ಅದು ಯಾವ ತಿಂಗಳಲ್ಲಿ ಮುರಿಯಿತು ಎಂಬುದನ್ನು ಬರೆಯಲಿ. ಎರಡನೆಯದರಲ್ಲಿ ತೀರಿಸದ ಉಪಕಾರಗಳನ್ನೂ ಕೇಳದೆ ಉಳಿದ ಕ್ಷಮೆಗಳನ್ನೂ ಬರೆಯಲಿ. ಮೂರನೆಯದರಲ್ಲಿ ತಾನು ನಿಂತ ಮೆಟ್ಟಿಲಿಗೆ ತಕ್ಕ ಒಂದೇ ಒಂದು ನಿಯಮವನ್ನು, ಕಾಲಮಿತಿಯೊಂದಿಗೆ ಬರೆಯಲಿ. ರಾತ್ರಿಭೋಜನ ತ್ಯಾಗ ವರ್ಷಪೂರ್ತಿ ಸಾಧ್ಯವಾಗದಿದ್ದರೆ ಅಷ್ಟಮಿ-ಚತುರ್ದಶಿಗಳಿಂದ ಆರಂಭವಾಗಲಿ. ಪರಿಗ್ರಹದ ಪರಿಮಾಣ ಕಷ್ಟವೆನಿಸಿದರೆ, ಬರುವ ಋತುವಿನ ಎರಡು ತಿಂಗಳು ಅಗತ್ಯವಿಲ್ಲದ ಒಂದು ವಸ್ತುವನ್ನೂ ಕೊಳ್ಳದಿರಲಿ.

ಬಸದಿಗಳ ವಿಶ್ವಸ್ತ ಮಂಡಳಿಗಳಿಗೂ ಇದು ಸಲ್ಲುವ ಮಾತು. ವಾರ್ಷಿಕ ವರದಿಗಳಲ್ಲಿ ನಡೆದ ಪೂಜೆ, ಬಂದ ದೇಣಿಗೆ, ಆದ ಜೀರ್ಣೋದ್ಧಾರಗಳ ವಿವರ ಇರುತ್ತದೆ. ಶಾಸ್ತ್ರದಾನಕ್ಕೆಂದು ಬಂದ ಹಣ ಬೇರೆ ಕೆಲಸಕ್ಕೆ ಹೋಗಿದ್ದರೆ, ಪಾಠಶಾಲೆ ನಡೆಸುವೆವೆಂದು ಮೂರು ವರ್ಷ ಹೇಳಿ ನಡೆಸದಿದ್ದರೆ, ಅದಕ್ಕೂ ಅದೇ ವರದಿಯಲ್ಲಿ ಒಂದು ಪುಟ ಮೀಸಲಾಗಬೇಕು. ಆ ಪುಟವನ್ನು ಓದಿದ ದಾನಿ ದೂರವಾಗುವನೆಂಬ ಭಯ ಸಹಜ. ಆದರೆ ತನ್ನಲ್ಲಿ ಹಣವಿಲ್ಲವೆಂದು ನಿಜ ಹೇಳಿದ ಗಿರಾಕಿಯನ್ನು ಆಗ್ರಾದ ಕಚೋರಿಯವನು ಎಬ್ಬಿಸಿ ಕಳುಹಿಸಲಿಲ್ಲ, ಮತ್ತಷ್ಟು ಬಡಿಸಿದನು.

ಬರುವ ವೀರ ನಿರ್ವಾಣ ಸಂವತ್ಸರದ ಮೊದಲ ದಿನ ಶುಭ-ಲಾಭಗಳನ್ನು ಬರೆದು ಲೇಖನಿಯನ್ನು ಕೆಳಗಿಡುವ ಮುನ್ನ, ಅದರ ಕೆಳಗೆ ಆರಂಭದ ಶಿಲ್ಕು ಎಂಬ ಸಾಲೊಂದು ಬಿದ್ದಿದೆಯೇ ಎಂದು ಪ್ರತಿಯೊಬ್ಬ ಗೃಹಸ್ಥನೂ ನೋಡಿಕೊಳ್ಳಲಿ. ಎಲ್ಲ ಶ್ರಾವಕ-ಶ್ರಾವಿಕೆಯರಿಗೂ ಹೊಸ ವರ್ಷ ಮಂಗಲವನ್ನು ತರಲಿ.